ಮೊದಲ ಮೊಸರಿನ ಶೂಲಪಾಣಿ ವಾರಿಯರ್

ಹೊಳೆದಂಡೆಯಿಂದ ಮೆಟ್ಟಿಲು ಹತ್ತಿ ರಾಮುಣ್ಣಿ ವೈದ್ಯರ ಚಿಕಿತ್ಸಾಲಯಕ್ಕೆ ಬರುವವರ ಕಣ್ಣಿಗೆ ಮೊದಲು ಬೀಳುವವರು ಶೂಲಪಾಣಿ ವಾರಿಯರ್. ಸೊಂಟಕ್ಕೆ ಗಂಜಿ ಹಾಕಿದ ಬಿಳಿ ಮುಂಡು, ಹಣೆಗೆ ಗಂಧ, ಹೆಗಲ ಮೇಲೆ ನಾಲ್ಕು ಮಡಿಕೆಯ ವಸ್ತ್ರ, ಕೈಯಲ್ಲೊಂದು ಉದ್ದನೆಯ ಪಟ್ಟಿ. ಮೊದಲ ಸಲ ಹೋದಾಗ ಇವರೇ ವೈದ್ಯರೆಂದು ತಿಳಿದು ನಾನು ನನ್ನ ಸೊಂಟನೋವಿನ ಚರಿತ್ರೆಯನ್ನು ಹುಟ್ಟಿನಿಂದ ಹಿಡಿದು ಒಪ್ಪಿಸಿದ್ದೆ. ಅವರು ಕಣ್ಣು ಮುಚ್ಚಿ ಕೇಳಿದರು. ನಡುವೆ ಎರಡು ಸಲ ‘ಹ್ಞೂಂ’ ಎಂದರು. ಎಲ್ಲ ಮುಗಿದ ಮೇಲೆ, “ವೈದ್ಯರು ಒಳಗಿದ್ದಾರೆ, ಹೋಗಿ ಹೇಳಿ” ಎಂದರು.

ಅದು ಒಂದು ಗಂಟೆಯ ತಪ್ಪು ತಿಳಿವಳಿಕೆ. ಇನ್ನೊಂದು ಹಲವು ವರ್ಷ ಬಾಳಿತು. ಸೂರ್ಯ ಮುಳುಗಿದ ಮೇಲೆ ಮೊಸರೆಂಬ ಪದಾರ್ಥವನ್ನು ಈ ಮನುಷ್ಯ ಹುಟ್ಟಿದಾಗಿನಿಂದ ಮುಟ್ಟಿದವರಲ್ಲ ಎಂದು ಊರಿನವರೆಲ್ಲ ನಂಬಿದ್ದರು, ನಾನೂ ನಂಬಿದ್ದೆ.

ನಂಬದೆ ಇರುವುದು ಹೇಗೆ? ಇಪ್ಪತ್ತೇಳು ವರ್ಷಗಳಿಂದ ವಾರಿಯರರ ಕೆಲಸ ಪಥ್ಯ ನೋಡಿಕೊಳ್ಳುವುದು. ಯಾವ ಕೋಣೆಯ ರೋಗಿಗೆ ಗಂಜಿ, ಯಾವ ಕೋಣೆಗೆ ಹೆಸರುಬೇಳೆ, ಯಾರಿಗೆ ಉಪ್ಪಿಲ್ಲ, ಯಾರಿಗೆ ಹುಳಿಯಿಲ್ಲ ಎಂಬುದೆಲ್ಲ ಅವರ ಪಟ್ಟಿಯಲ್ಲಿ. ಪಟ್ಟಿ ಬರೆಯುವವರು ವೈದ್ಯರು, ಓದುವವರು ವಾರಿಯರ್. ಆದರೆ ಓದುವ ಗತ್ತು ಹೇಗಿತ್ತೆಂದರೆ, ಬರೆದವರು ಕೂಡ ಒಮ್ಮೊಮ್ಮೆ ಒಳಗಿನಿಂದ ಕಿವಿಗೊಟ್ಟು ಕೇಳುತ್ತಿದ್ದರು.

ಅವರ ನಿಜವಾದ ಸಾಮ್ರಾಜ್ಯ ಮೊಸರು. ಯಾರಾದರೂ ಹೊಸಬರು ಬಂದು, “ವಾರಿಯರೇ, ರಾತ್ರಿ ಮೊಸರು ತಿಂದರೆ ಏನಾಗುತ್ತೆ?” ಎಂದು ಕೇಳಿದರೆ ಮುಗಿಯಿತು, ಅವರು ಹೆಗಲ ವಸ್ತ್ರ ಸರಿಮಾಡಿಕೊಂಡು ಶ್ಲೋಕ, ವ್ಯಾಖ್ಯಾನ ಎರಡನ್ನೂ ಶುರುಮಾಡುತ್ತಿದ್ದರು. ರಾತ್ರಿ ತಿನ್ನಬಾರದು. ಬಿಸಿ ಮಾಡಿ ತಿನ್ನಬಾರದು. ವಸಂತ, ಗ್ರೀಷ್ಮ, ಶರತ್ಕಾಲಗಳಲ್ಲಿ ಅದರ ತಂಟೆಗೇ ಹೋಗಬಾರದು. ಬರೀ ಮೊಸರು ತಿನ್ನಬಾರದು, ಹೆಸರುಬೇಳೆಯೋ ನೆಲ್ಲಿಕಾಯಿಯೋ ಜೇನೋ ತುಪ್ಪವೋ ಸಕ್ಕರೆಯೋ ಜೊತೆಗಿರಬೇಕು. ದಿನಾ ತಿನ್ನಬಾರದು. ಅರೆಹೆಪ್ಪಾದದ್ದನ್ನಂತೂ ಮೂಸಲೂಬಾರದು. ಮೀರಿದರೆ ಜ್ವರ, ಚರ್ಮರೋಗ, ಕಾಮಾಲೆ, ತಲೆಸುತ್ತು ಎಂದು ಒಂದೊಂದೇ ಬೆರಳು ಮಡಿಸುತ್ತ ಹೋಗುತ್ತಿದ್ದರು. ಕೇಳಿದವನಿಗೆ ತಲೆಸುತ್ತು ಅಲ್ಲೇ ಶುರುವಾಗಿರುತ್ತಿತ್ತು.

ಆ ಮನೆಯಲ್ಲೊಂದು ಪದ್ಧತಿಯಿದೆ. ನಲವತ್ತೊಂದು ದಿನ ಚಿಕಿತ್ಸೆ ಪಡೆದವರಿಗೆ ಅಷ್ಟೂ ದಿನ ಮೊಸರು, ಮಜ್ಜಿಗೆ ಎರಡೂ ವರ್ಜ್ಯ. ನಲವತ್ತೆರಡನೆಯ ದಿನ ಮಧ್ಯಾಹ್ನ ಹೆಸರುಬೇಳೆಯ ಕಟ್ಟಿನ ಜೊತೆ ಒಂದು ಚಮಚ ಮೊಸರನ್ನು ಶ್ಲೋಕ ಹೇಳಿ ಅಂಗೈಗೆ ಹಾಕುತ್ತಾರೆ. ಅದಕ್ಕೆ ‘ಮೊದಲ ಮೊಸರು’ ಎಂದು ಹೆಸರು. ರೋಗಿ ಅದನ್ನು ನೆಕ್ಕಿ, ಕೊಟ್ಟವರಿಗೆ ವೀಳ್ಯದೆಲೆಯ ಮೇಲೆ ಹೊಸ ಮುಂಡು ಇಟ್ಟು ನಮಸ್ಕಾರ ಮಾಡಿ ಮನೆಗೆ ಹೋಗುತ್ತಾನೆ. ಮದ್ದು ಅರೆದವರು ಯಾರೋ, ಎಣ್ಣೆ ತಿಕ್ಕಿ ಬೆವರು ಸುರಿಸಿದವರು ಯಾರೋ. ನಮಸ್ಕಾರ ಮಾತ್ರ ಇಪ್ಪತ್ತೇಳು ವರ್ಷಗಳಿಂದ ವಾರಿಯರರಿಗೆ. ನ್ಯಾಯಾಧೀಶರೊಬ್ಬರು ಬಾಗಿದ್ದರು. ಆನೆಯ ಮಾಲೀಕರೊಬ್ಬರು ಬಾಗಿ, ಮತ್ತೆ ನೆಟ್ಟಗಾಗಲು ಇಬ್ಬರ ಸಹಾಯ ಬೇಕಾಗಿ, ಇನ್ನೊಂದು ವಾರ ಉಳಿದುಕೊಂಡಿದ್ದರು. ಮುಂಡುಗಳನ್ನು ವಾರಿಯರ್ ಉಡುತ್ತಿರಲಿಲ್ಲ. ಪೆಟ್ಟಿಗೆಯಲ್ಲಿಟ್ಟು ಆಗಾಗ ತೆರೆದು ನೋಡುತ್ತಿದ್ದರು.

ಹೀಗಿರುವಾಗ ಮಾಳುಕುಟ್ಟಿ ಬಂದಳು.

ಮೊದಲಿದ್ದ ಅಡುಗೆಯಾಕೆ ಮಗಳ ಬಾಣಂತನಕ್ಕೆಂದು ಹೋದವಳು ಅಲ್ಲೇ ನಿಂತಳು. ಅವಳ ಜಾಗಕ್ಕೆ ಆಚೆದಂಡೆಯಿಂದ ದಿನಾ ದೋಣಿಯಲ್ಲಿ ಬರುವ ಮಾಳುಕುಟ್ಟಿ. ನಲವತ್ತರ ಹೆಂಗಸು, ಗಂಡ ಬಸ್ ಕಂಡಕ್ಟರ್, ಮನೆಯಲ್ಲಿ ಎರಡು ಹಸು. ಅವಳಿಗೆ ಒಂದು ಶ್ಲೋಕವೂ ಬರುತ್ತಿರಲಿಲ್ಲ. ಹಾಲನ್ನು ಕಾಯಿಸಿ, ಕಿರುಬೆರಳು ಅದ್ದಿ ನೋಡಿ, ಹೆಪ್ಪು ಹಾಕಿ, ಮಣ್ಣಿನ ಗಡಿಗೆಗೆ ಬಟ್ಟೆ ಕಟ್ಟಿ ಮೂಲೆಯಲ್ಲಿಡುತ್ತಿದ್ದಳು. ಆಮೇಲೆ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬೆಳಗ್ಗೆ ಗಡಿಗೆಯನ್ನು ವಾಲಿಸಿದರೆ ಮೊಸರು ಕದಲುತ್ತಿರಲಿಲ್ಲ.

ಅವಳು ಕಡೆಯಲು ಕೂತರೆ ಆ ಸದ್ದಿಗೆ ಕೋಣೆಗಳ ಬಾಗಿಲು ಒಂದೊಂದಾಗಿ ತೆರೆಯುತ್ತಿದ್ದವು. ಮೊಸರು ಕಂಡು ಮೂವತ್ತು ದಿನ ಕಳೆದವರು, ಮೂವತ್ತೈದು ದಿನ ಕಳೆದವರು, ಮೈಯೆಲ್ಲ ಎಣ್ಣೆಯಾಗಿ ಬಂದು ಅಡುಗೆಮನೆಯ ಜಗಲಿಯಲ್ಲಿ ಸಾಲಾಗಿ ಕೂರುತ್ತಿದ್ದರು.

“ಮಾಳುಕುಟ್ಟಿ, ಸ್ವಲ್ಪ ವಾಸನೆ ಈ ಕಡೆ ಬರಲಿ,” ಎನ್ನುವರು.

“ವಾಸನೆಗೆ ಪಥ್ಯ ಇಲ್ಲ, ಎಷ್ಟು ಬೇಕಾದ್ರೂ ತಗೊಳ್ಳಿ,” ಎನ್ನುವಳು ಅವಳು.

ವಾರಿಯರರಿಗೆ ಇದು ಹಿಡಿಸಲಿಲ್ಲ. ಅವರು ಪಟ್ಟಿ ಓದಲು ಹೊರಟರೆ ಜಗಲಿ ಖಾಲಿ, ಕೇಳುವವರೆಲ್ಲ ಅಡುಗೆಮನೆಯ ಹತ್ತಿರ. ಅದನ್ನೂ ಸಹಿಸುತ್ತಿದ್ದರೇನೋ. ಆದರೆ ಒಂದು ಮಧ್ಯಾಹ್ನ ಊಟಕ್ಕೆ ಕೂತ ವೈದ್ಯರು ಮಜ್ಜಿಗೆ ಕುಡಿದು, ಲೋಟವನ್ನು ಮತ್ತೆ ಮುಂದೆ ಚಾಚಿ, “ಇನ್ನೊಂದು ಸ್ವಲ್ಪ” ಎಂದರು. ಎಂಬತ್ತು ದಾಟಿದ ಮನುಷ್ಯ. ಇಪ್ಪತ್ತೇಳು ವರ್ಷಗಳಲ್ಲಿ ಏನನ್ನೂ ಎರಡನೆಯ ಸಲ ಕೇಳಿದವರಲ್ಲ. ಆ ‘ಇನ್ನೊಂದು ಸ್ವಲ್ಪ’ ವಾರಿಯರರ ಎದೆಯಲ್ಲಿ ಮೀನಿನ ಮುಳ್ಳಿನಂತೆ ಅಡ್ಡವಾಯಿತು. ತನ್ನ ಶ್ಲೋಕವನ್ನು ಒಮ್ಮೆಯಾದರೂ ಇನ್ನೊಂದು ಸ್ವಲ್ಪ ಎಂದಿದ್ದಾರೆಯೇ ಇವರು?

ಅಂದು ಸಂಜೆ ಮನೆಗೆ ಹೋದರು. ಈಗ ಆ ಎರಡನೆಯ ತಪ್ಪು ತಿಳಿವಳಿಕೆಯನ್ನು ಸರಿಪಡಿಸುವ ಹೊತ್ತು. ಮದುವೆಯಾದಾಗಿನಿಂದ ಶೂಲಪಾಣಿ ವಾರಿಯರ್ ಪ್ರತಿ ರಾತ್ರಿ ಮೊಸರನ್ನ ತಿಂದೇ ಮಲಗುತ್ತಿದ್ದರು. ಜೊತೆಗೆ ಹೆಸರುಬೇಳೆ ಇಲ್ಲ, ನೆಲ್ಲಿಕಾಯಿ ಇಲ್ಲ, ಒಂದು ಹೋಳು ಮಾವಿನ ಉಪ್ಪಿನಕಾಯಿ, ಅಷ್ಟೆ. ಶಾಸ್ತ್ರ ಚಿಕಿತ್ಸಾಲಯದ ಗೇಟಿನ ತನಕ, ಅದರಾಚೆಗೆ ಹೆಂಡತಿ ಸಾವಿತ್ರಿಯ ಆಡಳಿತ ಎಂದು ಅವರು ಮನಸ್ಸಿನಲ್ಲಿ ಗಡಿ ಹಾಕಿಕೊಂಡಿದ್ದರು.

ಆ ರಾತ್ರಿ ಮೊದಲ ತುತ್ತಿಗೇ ಅವರ ಮುಖ ಅರಳಿತು. “ಸಾವಿತ್ರೀ, ಇವತ್ತು ಮೊಸರು ಭಾಳ ಚೆನ್ನಾಗಿದೆ. ಹುಳಿ ಇಲ್ಲ, ಸಪ್ಪೆ ಇಲ್ಲ. ಇದು ಮೊಸರು. ಅಲ್ಲಿ ಒಬ್ಬಳು ಬಂದಿದ್ದಾಳೆ, ಜನ ಕುಣೀತಾರೆ. ಅವಳು ನಿನ್ನ ಹತ್ರ ಬಂದು ಕಲೀಬೇಕು.”

“ನಾನೇ ಅವಳ ಹತ್ರ ಹೋಗಿದ್ದೆ,” ಎಂದಳು ಸಾವಿತ್ರಿ. “ಮೊನ್ನೆ ರಾತ್ರಿ ನೀವು ಪಾತ್ರೆ ಬಳಿದು ತಿಂದ್ರಿ, ಬೆಳಗ್ಗೆ ಹೆಪ್ಪಿಗೆ ಒಂದು ತೊಟ್ಟು ಇರ್ಲಿಲ್ಲ. ದೋಣಿ ಕಟ್ಟೆ ಹತ್ರ ಮಾಳುಕುಟ್ಟಿ ಸಿಕ್ಕಿದ್ಲು, ಇಸ್ಕೊಂಡೆ. ಇದು ಅವಳ ಹೆಪ್ಪು.”

ವಾರಿಯರರ ಕೈ ತಟ್ಟೆಯಲ್ಲೇ ನಿಂತಿತು. ಆಮೇಲೆ ಎರಡು ಬೆರಳಿನಿಂದ ಅನ್ನವನ್ನು ಪಕ್ಕಕ್ಕೆ ಸರಿಸಿ, “ರಾತ್ರಿ ಮೊಸರು ತಿನ್ನಬಾರದು” ಎಂದರು.

“ಯಾರು ಹೇಳಿದ್ದು?”

“ಶಾಸ್ತ್ರ.”

“ಮೂವತ್ತು ವರ್ಷ ಎಲ್ಲಿತ್ತು ಅದು?”

ಮಾರನೆಯ ದಿನ ಭಾನುವಾರ. ಮಧ್ಯಾಹ್ನ ಸಾವಿತ್ರಿ ಮೊಸರು ಬಡಿಸಲು ಬಂದರೆ, “ನೆಲ್ಲಿಕಾಯಿ ಇದೆಯಾ?” ಎಂದರು. ಇರಲಿಲ್ಲ. “ಹಾಗಾದ್ರೆ ಬೇಡ.” ಇನ್ನೊಂದು ದಿನ ಸಾವಿತ್ರಿ ನೆಲ್ಲಿಕಾಯಿ ತಂದಿಟ್ಟಳು. “ದಿನಾ ತಿನ್ನಬಾರದು” ಎಂದರು. ಹದಿನೈದು ದಿನ ಹೀಗೇ ನಡೆಯಿತು. ಇಡೀ ಜಿಲ್ಲೆಯಲ್ಲಿ ಮೊಸರಿನ ಎಲ್ಲ ನಿಯಮಗಳನ್ನೂ ಚಾಚೂ ತಪ್ಪದೆ ಪಾಲಿಸಿದ ಏಕೈಕ ಗೃಹಸ್ಥ ಆ ದಿನಗಳಲ್ಲಿ ಶೂಲಪಾಣಿ ವಾರಿಯರ್. ಅವರು ಪಾಲಿಸಿದ್ದು ಹೊಟ್ಟೆಕಿಚ್ಚಿನಿಂದ ಎಂಬುದು ಬೇರೆ ಮಾತು. ಪಥ್ಯದಿಂದ ಮೈ ಹಗುರಾಗಬೇಕು, ಅವರಿಗೆ ನಿದ್ದೆ ಹೋಯಿತು. ಸಾವಿತ್ರಿ ಎದುರಿಗೇ ಕೂತು ಸೊರಸೊರನೆ ಮೊಸರನ್ನ ಸುರಿಯುತ್ತ, “ಮಾಳುಕುಟ್ಟಿ ಕೈ ಅಂದ್ರೆ ಕೈ” ಎನ್ನುತ್ತಿದ್ದಳು, ಗೋಡೆಯ ಜೊತೆ ಮಾತಾಡಿದಂತೆ.

ಅಷ್ಟರಲ್ಲಿ ಭಾರ್ಗವಿ ಟೀಚರರ ದಿನ ಹತ್ತಿರ ಬಂತು.

ಭಾರ್ಗವಿ ಟೀಚರ್ ಆ ಊರಿನ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಅರ್ಧ ಊರು ಅವರ ಬೆತ್ತದ ಕೆಳಗೇ ದೊಡ್ಡದಾದದ್ದು. ಬಲ ಹೆಗಲು ಹಿಡಿದುಕೊಂಡು ಕೈ ಎತ್ತಲಾಗದೆ ಮಳೆಗಾಲದ ಕರ್ಕಾಟಕ ಮಾಸದಲ್ಲಿ ಬಂದು ಸೇರಿದ್ದರು. ಅವರ ಮೊದಲ ಮೊಸರಿಗೆ ಹಳೆಯ ವಿದ್ಯಾರ್ಥಿಗಳೆಲ್ಲ ಬರುತ್ತಾರೆ, ಪಂಚಾಯತಿ ಅಧ್ಯಕ್ಷರೂ ಬರುತ್ತಾರೆ ಎಂದು ಸುದ್ದಿ. ಟೀಚರ್ ತನಗೆ ಬಾಗುವ ದೃಶ್ಯವನ್ನು ವಾರಿಯರ್ ಒಂದು ತಿಂಗಳಿಂದ ಮನಸ್ಸಿನಲ್ಲಿ ನೋಡುತ್ತಿದ್ದರು. ಇವರನ್ನೂ ಎಂಟನೆಯ ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದ ಟೀಚರ್ ಅವರು.

ನಲವತ್ತನೆಯ ದಿನ ಎಣ್ಣೆ ತಿಕ್ಕುವ ಕೇಳು ಎಂಬವನು ಬಂದು ಪಿಸುಗುಟ್ಟಿದ. “ವಾರಿಯರೇ, ಒಂದು ಮಾತು ಕಿವಿಗೆ ಬಿತ್ತು. ಮೊದಲ ಮೊಸರನ್ನ ಮಾಳುಕುಟ್ಟಿ ಕೊಡಲಿ ಅಂತ ಟೀಚರ್ ಅಂದ್ರಂತೆ.”

“ಅವಳಿಗೆ ಶ್ಲೋಕ ಬರುತ್ತಾ?”

“ಇಲ್ಲ.”

“ಮತ್ತೆ?”

“ಅದಕ್ಕೇ ಇರ್ಬೇಕು,” ಎಂದ ಕೇಳು, ಎಣ್ಣೆಯ ಕೈಯನ್ನು ತೊಡೆಗೆ ಒರೆಸಿಕೊಳ್ಳುತ್ತ.

ಆ ಎರಡು ದಿನ ವಾರಿಯರ್ ಊಟ ಮಾಡಿದರೋ ಇಲ್ಲವೋ ಅವರಿಗೇ ನೆನಪಿಲ್ಲ. ಮಾಳುಕುಟ್ಟಿಯ ಮೊಸರಿನಲ್ಲಿ ಒಂದೇ ಒಂದು ದೋಷ ಸಿಕ್ಕರೆ ಸಾಕು. ಅರೆಹೆಪ್ಪು ಎಂದು ಸಾಬೀತಾದರೆ ಅದು ರೋಗಿಗೆ ವಿಷಕ್ಕೆ ಸಮ. ಆಗ ಪೇಟೆಯಲ್ಲಿ ಮೊಸರು ಮಾರುವ ನಂಬೀಶನ ಮನೆಯಿಂದ ಬೇರೆ ಮೊಸರು ತರಿಸುವುದು. ತರಿಸಿದವರು ಯಾರೋ, ಕೊಡುವವರೂ ಅವರೇ. ಯೋಚನೆ ಅಚ್ಚುಕಟ್ಟಾಗಿತ್ತು.

ನಲವತ್ತೆರಡನೆಯ ದಿನ ಬೆಳಗ್ಗೆ, ಮಾಳುಕುಟ್ಟಿ ಸೊಪ್ಪು ಕೊಯ್ಯಲು ಹಿತ್ತಲಿಗೆ ಹೋದ ಸಮಯ ನೋಡಿ ಅವರು ಅಡುಗೆಮನೆ ಹೊಕ್ಕರು. ಮೂಲೆಯಲ್ಲಿ ಬಟ್ಟೆ ಕಟ್ಟಿದ ಮೂರು ಗಡಿಗೆ. ಮೊದಲನೆಯದನ್ನು ವಾಲಿಸಿದರು, ಕದಲಲಿಲ್ಲ. ಎರಡನೆಯದೂ ಹಾಗೆಯೇ. ಮೂರನೆಯದು ಮುಟ್ಟಿದ ಕೂಡಲೇ ಒಳಗೆ ನೀರಾಡಿತು. ವಾರಿಯರರ ಎದೆಯೂ ಆಡಿತು. ಲೋಟದಲ್ಲಿ ತೋಡಿ ಕುಡಿದರು. ಒಗರು, ಕಹಿ, ಗಂಟಲಿನಲ್ಲಿ ಮಣ್ಣಿನ ವಾಸನೆ. ಆ ಕೆಟ್ಟ ರುಚಿ ಅವರಿಗೆ ಎಷ್ಟು ಹಿತವಾಯಿತೆಂದರೆ ಖಾತ್ರಿಗೆಂದು ಇನ್ನೊಂದು ಲೋಟ ಕುಡಿದರು. ಮೂರನೆಯ ಲೋಟವನ್ನು ಸಾಕ್ಷಿಗೆ ತುಂಬಿಸಿಕೊಂಡು ನೇರ ವೈದ್ಯರ ಮುಂದೆ ಹೋಗಿ ನಿಂತರು. ಅಲ್ಲಿ ಭಾರ್ಗವಿ ಟೀಚರ್ ಕೂತಿದ್ದರು. ಕೇಳು ಬಾಗಿಲಲ್ಲಿದ್ದ. ಸಾಕ್ಷಿಗಳು ಹೆಚ್ಚಿದ್ದಷ್ಟೂ ಒಳ್ಳೆಯದೆನಿಸಿತು.

“ಇಪ್ಪತ್ತೇಳು ವರ್ಷದಲ್ಲಿ ನಾನು ಯಾರ ಮೇಲೂ ದೂರು ಹೇಳಿದವನಲ್ಲ,” ಎಂದು ಶುರು ಮಾಡಿದರು. “ಆದರೆ ರೋಗಿಯ ಪ್ರಾಣದ ಪ್ರಶ್ನೆ. ಇವತ್ತಿನ ಮೊಸರು ಅರೆಹೆಪ್ಪು. ನೀರು ಬೇರೆ, ಹಿಟ್ಟು ಬೇರೆ. ಒಗರು. ಈ ಹೆಂಗಸಿನ ಕೈಗುಣ ಅಂತ ಎಲ್ರೂ ಹೊಗಳ್ತಾರೆ, ಬಂದು ಕುಡಿದು ನೋಡಲಿ.”

ವೈದ್ಯರು ಲೋಟವನ್ನು ಮೂಗಿನ ಹತ್ತಿರ ಹಿಡಿದರು. ಬಹಳ ಹೊತ್ತು ಹಿಡಿದರು. “ಶೂಲಪಾಣಿ, ಇದನ್ನ ಕುಡಿದ್ಯಾ?”

“ಕುಡಿದೆ.”

“ಎಷ್ಟು?”

“ಎರಡು ಲೋಟ. ಖಾತ್ರಿ ಬೇಕಲ್ಲ.”

“ಇದು ಮೂಲೆ ಕೋಣೆಯಲ್ಲಿರೋ ವಕೀಲರ ತಲೆಗೆ ಧಾರೆ ಬಿಡೋ ಮಜ್ಜಿಗೆ. ಕೊನ್ನಾರಿ ಗಡ್ಡೆ, ನೆಲ್ಲಿಕಾಯಿ ಕಷಾಯ ಎಲ್ಲ ಹಾಕಿದೆ. ಎಣ್ಣೆಮನೆಯ ನೆಲ ಕಿತ್ತಿದ್ದಾರೆ ಅಂತ ನಿನ್ನೆ ಅಡುಗೆಮನೆಯಲ್ಲಿ ಇಡಿಸಿದ್ದೆ.” ವೈದ್ಯರು ಲೋಟ ಕೆಳಗಿಟ್ಟರು. “ಗಾಬರಿ ಬೇಡ. ತಲೆಯ ಉರಿಗೆ, ನಿದ್ದೆ ಇಲ್ಲದ್ದಕ್ಕೆ ಒಳ್ಳೆಯದು. ಹೊರಗಿನಿಂದ ಬಿಡಬೇಕಾದದ್ದು, ನೀನು ಒಳಗಿನಿಂದ ಬಿಟ್ಟುಕೊಂಡೆ.”

ಬಾಗಿಲಲ್ಲಿ ಕೇಳು ಗೋಡೆಯ ಕಡೆ ತಿರುಗಿ ನಿಂತ. ಅವನ ಬೆನ್ನು ಅಲುಗುತ್ತಿತ್ತು. ಸೊಪ್ಪಿನ ಬುಟ್ಟಿ ಹಿಡಿದು ಅದೇ ಹೊತ್ತಿಗೆ ಬಂದ ಮಾಳುಕುಟ್ಟಿ ಲೋಟ ನೋಡಿದಳು, ವಾರಿಯರರ ಮುಖ ನೋಡಿದಳು.

“ವಾರಿಯರೇ, ಕೇಳಿದ್ರೆ ನಾನೇ ಒಳ್ಳೇದು ಕೊಡ್ತಿದ್ನಲ್ಲ,” ಎಂದಳು.

ಇದಕ್ಕಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಜಗಲಿ ತುಂಬಿತು. ಅಧ್ಯಕ್ಷರು ಬಂದರು, ಬೆತ್ತ ತಿಂದವರು ಬಂದರು. ವಾರಿಯರ್ ಬೆಳ್ಳಿ ಚಮಚ ಹಿಡಿದು ತಮ್ಮ ಜಾಗದಲ್ಲಿ ನಿಂತಿದ್ದರು. ಯಾರೂ ಅವರಿಗೆ ನಿಲ್ಲಬೇಡ ಎಂದಿರಲಿಲ್ಲ. ಟೀಚರ್ ನಿಧಾನವಾಗಿ ಬಲಗೈ ಚಾಚಿದರು. ಹೆಗಲಿನಿಂದ ನೇರವಾಗಿ, ನಡುಗದೆ. ಸುತ್ತ ನಿಂತವರಿಂದ ಸಮಾಧಾನದ ಉಸಿರು ಕೇಳಿಸಿತು. ವಾರಿಯರ್ ಕಣ್ಣು ಮುಚ್ಚಿ ಶ್ಲೋಕಕ್ಕೆ ಬಾಯಿ ತೆರೆದರು.

“ಶೂಲಪಾಣಿ,” ಎಂದರು ಟೀಚರ್, ತರಗತಿಯ ದನಿಯಲ್ಲಿ. “ನಿನ್ನ ಶ್ಲೋಕ ಎಷ್ಟು ಉದ್ದ?”

“ಮೂಲ ಚಿಕ್ಕದು, ಟೀಚರ್. ವ್ಯಾಖ್ಯಾನ ಸ್ವಲ್ಪ…”

“ನನ್ನ ಕೈ ಅಷ್ಟು ಹೊತ್ತು ನಿಲ್ಲಲ್ಲ. ನಲವತ್ತು ದಿನದಿಂದ ನೋಡ್ತಿದ್ದೀನಿ, ನೀನು ಮುಗಿಸೋದ್ರೊಳಗೆ ಮೊಸರು ಹುಳಿಯಾಗಿರುತ್ತೆ. ಮಾಳುಕುಟ್ಟೀ, ಬಾ ಇಲ್ಲಿ.”

ಮಾಳುಕುಟ್ಟಿ ಬೇಡ ಎನ್ನಲಿಲ್ಲ. ವಾರಿಯರ್ ಕಾಯುತ್ತಿದ್ದದ್ದು ಅದನ್ನೇ. ಅವಳು ಬೇಡ ಎನ್ನುತ್ತಾಳೆ, ವಾರಿಯರೇ ಕೊಡಲಿ ಎನ್ನುತ್ತಾಳೆ, ತಾನು ದೊಡ್ಡ ಮನಸ್ಸಿನಿಂದ ಇಲ್ಲ ನೀನೇ ಕೊಡು ಎನ್ನಬಹುದು. ಅಂಥದ್ದೇನೂ ಆಗಲಿಲ್ಲ. ಅವಳು ಸೆರಗಿಗೆ ಕೈ ಒರೆಸಿ, ಅವರ ಕೈಯಿಂದ ಚಮಚ ತೆಗೆದುಕೊಂಡು, ಗಡಿಗೆಯ ನಡುವಿನಿಂದ ಒಂದು ತುಂಡು ಮೊಸರು ಕತ್ತರಿಸಿ ಟೀಚರರ ಅಂಗೈಗೆ ಹಾಕಿದಳು. “ತಿನ್ನಿ” ಎಂದಳು. ಅಷ್ಟೇ ಮಂತ್ರ.

ಟೀಚರ್ ನೆಕ್ಕಿದರು. ಕಣ್ಣು ಮುಚ್ಚಿದರು. ಆಮೇಲೆ ವೀಳ್ಯದೆಲೆ, ಮುಂಡು ಇಟ್ಟು, ಇಡೀ ಊರಿನ ಎದುರಿಗೆ ಮಾಳುಕುಟ್ಟಿಗೆ ಬಾಗಿದರು. ಪಕ್ಕದಲ್ಲಿ ವಾರಿಯರ್ ಹೆಸರುಬೇಳೆಯ ಬಟ್ಟಲು ಹಿಡಿದುಕೊಂಡಿದ್ದರು. ಅದನ್ನು ಯಾರು ಯಾವಾಗ ಕೈಗಿಟ್ಟರೋ ಗೊತ್ತಾಗಲಿಲ್ಲ.

ಸಂಜೆ ದೋಣಿಗೆ ಹೋಗುವ ಮುಂಚೆ ಮಾಳುಕುಟ್ಟಿ ಆ ಮುಂಡನ್ನು ತಂದು ಅವರ ಪಕ್ಕದಲ್ಲಿಟ್ಟಳು. “ನಮ್ಮ ಮನೆಯವರು ಯಾವಾಗ್ಲೂ ಪ್ಯಾಂಟೇ. ನೀವಾದ್ರೆ ಉಡ್ತೀರಿ,” ಎಂದಳು. ದಾನವಾಗಿ ಬಂದ ಆ ಮುಂಡನ್ನು ಪೆಟ್ಟಿಗೆಯಲ್ಲಿ ಉಳಿದ ಮುಂಡುಗಳ ಜೊತೆ ಇಡಲೂ ಆಗದೆ, ಬಿಸಾಡಲೂ ಆಗದೆ, ವಾರಿಯರ್ ಅದನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ನಡೆದರು.

“ಯಾರು ಕೊಟ್ರು?” ಎಂದಳು ಸಾವಿತ್ರಿ.

“ಬಡಿಸು.”

ಸಾರು, ಪಲ್ಯ ಆಯಿತು. ಸಾವಿತ್ರಿ ಮೊಸರಿನ ಪಾತ್ರೆಯನ್ನು ತನ್ನ ತಟ್ಟೆಯ ಕಡೆ ಎಳೆದುಕೊಂಡಳು, ಅಭ್ಯಾಸದಂತೆ. ವಾರಿಯರ್ ಎಡಗೈ ಚಾಚಿ ಅದನ್ನು ತಮ್ಮ ಕಡೆಗೆ ಎಳೆದರು. ಹೊರಗೆ ಕತ್ತಲಾಗಿತ್ತು. ನೆಲ್ಲಿಕಾಯಿ ಇರಲಿಲ್ಲ, ಜೇನೂ ಇರಲಿಲ್ಲ. ಹದಿನೈದು ದಿನದ ಬಾಕಿಯನ್ನು ಒಂದೇ ಊಟದಲ್ಲಿ ತೀರಿಸುವವರಂತೆ ತಿಂದರು. ತಿನ್ನುತ್ತಿದ್ದಂತೆ ಹೊಟ್ಟೆಕಿಚ್ಚು ಕಡಿಮೆಯೇನೂ ಆಗಲಿಲ್ಲ, ಇನ್ನೂ ಜಾಸ್ತಿಯಾಯಿತು, ಏಕೆಂದರೆ ಮೊಸರು ನಿಜವಾಗಿಯೂ ಚೆನ್ನಾಗಿತ್ತು. ಕೊನೆಗೆ ಬೆರಳಿನಿಂದ ಪಾತ್ರೆಯ ತಳ ಬಳಿದರು. ಆ ರಾತ್ರಿ ಗಾಢ ನಿದ್ದೆ ಬಂತು. ಅದು ಮೊಸರಿನದೋ ವಕೀಲರ ತಲೆಯ ಮಜ್ಜಿಗೆಯದೋ ಹೇಳುವುದು ಕಷ್ಟ.

ಬೆಳಗ್ಗೆ ಸಾವಿತ್ರಿ ಒಂದು ಸ್ಟೀಲ್ ಬಟ್ಟಲನ್ನು ಅವರ ಕೈಗಿಟ್ಟಳು.

“ಏನಿದು?”

“ಹೆಪ್ಪು ತರೋಕೆ. ಬಳಿದವರೇ ಹೋಗಿ ಕೇಳಿ. ನಂಗೆ ನಾಚಿಕೆ ಆಗುತ್ತೆ.”

ಹೆಗಲ ವಸ್ತ್ರದ ಕೆಳಗೆ ಬಟ್ಟಲು ಮುಚ್ಚಿಕೊಂಡು ವಾರಿಯರ್ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಮಾಳುಕುಟ್ಟಿ ಕಡಗೋಲು ತೊಳೆಯುತ್ತಿದ್ದಳು. ಅವರು ಕೆಮ್ಮಿದರು. ಪಟ್ಟಿಯ ಬಗ್ಗೆ ಏನೋ ಹೇಳಿದರು. ಸೊಪ್ಪಿನ ಬಗ್ಗೆ ಹೇಳಿದರು. ಅವಳು ಬಟ್ಟಲಿನ ಅಂಚು ನೋಡಿ ಕೈ ಚಾಚಿದಳು.

“ರಾತ್ರಿ ತಿಂದ್ರಾ?”

ವಾರಿಯರ್ ಬಟ್ಟಲನ್ನು ಅವಳ ಕೈಗಿಟ್ಟರು.

“ನಮ್ಮ ಮನೆಯಲ್ಲೂ ರಾತ್ರಿಗೇ ಖರ್ಚಾಗೋದು,” ಎಂದು ಅವಳು ಎರಡು ಚಮಚ ಹೆಪ್ಪು ಹಾಕಿ ಕೊಟ್ಟಳು. “ವೈದ್ಯರಿಗೆ ಹೇಳಲ್ಲ, ಹೋಗಿ.”

ಅದನ್ನು ಹಿಡಿದುಕೊಂಡು ಅವರು ಜಗಲಿಗೆ ಬರುವ ಹೊತ್ತಿಗೆ ತೃಶೂರಿನ ಕಡೆಯಿಂದ ಬಂದ ಹೊಸ ರೋಗಿಯೊಬ್ಬರು ಕಾಯುತ್ತಿದ್ದರು. ಗಂಧ, ಮುಂಡು, ಪಟ್ಟಿ ನೋಡಿ ಎದ್ದು ನಿಂತು ಕೈ ಮುಗಿದರು. ಮಂಡಿನೋವಿನ ಕಥೆಯನ್ನು ಮೊದಲಿನಿಂದ ಹೇಳಿದರು. ವಾರಿಯರ್ ಬಟ್ಟಲಿನ ಬಾಯನ್ನು ಅಂಗೈಯಿಂದ ಮುಚ್ಚಿಕೊಂಡು, ಅಡುಗೆಮನೆಯ ಕಡೆಗೆ ಕಿವಿಗೊಟ್ಟು ನಿಂತರು. ಅಲ್ಲಿ ಕಡೆಯುವ ಸದ್ದು ಶುರುವಾಗಿತ್ತು, ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿದ್ದವು.

“ಇನ್ನೊಂದು ಕೇಳೋದಿತ್ತು, ವೈದ್ಯರೇ,” ಎಂದರು ಆ ಮನುಷ್ಯ. “ರಾತ್ರಿ ಮೊಸರು ತಿಂದರೆ ಏನಾಗುತ್ತೆ?”

“ಖಾಲಿಯಾಗುತ್ತೆ,” ಎಂದರು ವಾರಿಯರ್. “ಬೆಳಗ್ಗೆ ಹೆಪ್ಪಿಗೆ ಇರಲ್ಲ.”